777 ಕೊಡುವ ಮೊದಲು ಯುಐಡಿ ನೋಡಿ

ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವ್ಯವಸ್ಥೆ) ಶೇರ್‌ನಲ್ಲಿ 'ಪರ್ಮಿಷನ್ ಡಿನೈಡ್' ಬಂದರೆ ಫೋಲ್ಡರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟುಬಿಡಿ ಎಂದು ಎನ್‌ಎಫ್‌ಎಸ್ ಬಗ್ಗೆ ನೀವು ಬರೆದ ಲೇಖನದಲ್ಲಿದೆ. ದಯವಿಟ್ಟು ಆ ಸಾಲು ತೆಗೆಯಿರಿ. ಸರ್ವರಿನಲ್ಲಿರುವ ಯಾರು ಬೇಕಾದರೂ ಆ ಫೈಲುಗಳನ್ನು ಅಳಿಸಬಹುದು, ಮೂಲ ತೊಂದರೆ ಹಾಗೇ ಉಳಿಯುತ್ತದೆ.

ಸಾಮಾನ್ಯ ಸೆಟ್ಟಿಂಗಿನಲ್ಲಿ ಎನ್‌ಎಫ್‌ಎಸ್ ಅನುಮತಿ ಕೊಡುವಾಗ ನೋಡುವುದು ಯುಐಡಿಯನ್ನು, ಅಂದರೆ ಬಳಕೆದಾರರ ಗುರುತಿನ ಸಂಖ್ಯೆಯನ್ನು, ಹೆಸರನ್ನಲ್ಲ. ಒಂದೇ ಹೆಸರಿದ್ದರೂ ಕ್ಲೈಂಟಿನಲ್ಲಿ (ಶೇರ್ ಬಳಸುವ ಕಂಪ್ಯೂಟರ್) 1000, ಸರ್ವರಿನಲ್ಲಿ 1001 ಇದ್ದರೆ ಸರ್ವರಿಗೆ ಅವರು ಬೇರೆ ಬೇರೆ ಜನ. ಎರಡೂ ಕಡೆ 'ಐಡಿ' (id) ಕಮಾಂಡ್ ಕೊಟ್ಟು ನೋಡಿ, ತಕ್ಷಣ ಗೊತ್ತಾಗುತ್ತದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಪ್ರಯತ್ನಿಸಿದರೂ ಕೆಲಸವಾಗುವುದಿಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಅದು ರೂಟ್ ಸ್ಕ್ವಾಶ್. ಕ್ಲೈಂಟಿನ ರೂಟನ್ನು ಸರ್ವರ್ 'ನೋಬಡಿ', ಅಂದರೆ ವಿಶೇಷ ಅಧಿಕಾರವಿಲ್ಲದ ಬಳಕೆದಾರ, ಎಂದೇ ಪರಿಗಣಿಸುತ್ತದೆ. ಅದು ರಕ್ಷಣೆಗೆ ಇರುವುದು, ಸುಮ್ನೆ ಆಫ್ ಮಾಡಬೇಡಿ.

ಇನ್ನೊಂದು ವಿಷಯ ಲೇಖನದಲ್ಲಿ ಬರಲೇಬೇಕಿತ್ತು. ಯಾವ ಫೋಲ್ಡರನ್ನು ಯಾರಿಗೆ ಹಂಚಬೇಕು ಎಂದು ಬರೆಯುವ ಲಿನಕ್ಸ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಕ್ಲೈಂಟ್ ಹೆಸರಿಗೂ ಆಯ್ಕೆಗಳಿರುವ ಆವರಣಕ್ಕೂ ನಡುವೆ ಒಂದೇ ಒಂದು ಸ್ಪೇಸ್ ಬಿದ್ದರೆ ಅರ್ಥವೇ ಬದಲಾಗುತ್ತದೆ. ಬರೆಯುವ ಅನುಮತಿ ಆ ಕ್ಲೈಂಟಿಗೆ ಸಿಗುವುದಿಲ್ಲ, ಎಲ್ಲರಿಗೂ ತೆರೆದುಕೊಳ್ಳುತ್ತದೆ! ಎಷ್ಟು ಅಪಾಯ ಅಲ್ವಾ? ಕಣ್ಣಿಗೆ ಬೀಳುವುದೂ ಕಷ್ಟ. ಹಾಗಾಗಿ ಫೈಲ್ ತಿದ್ದಿದ ಮೇಲೆ ಬದಲಾವಣೆ ಜಾರಿಯಾಗಲು 'ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ' (exportfs -ra) ಕೊಡಿ. ಆಮೇಲೆ 'ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ' (exportfs -v) ಕೊಟ್ಟು, ಯಾವ ಕ್ಲೈಂಟಿಗೆ ಯಾವ ಆಯ್ಕೆ ನಿಜವಾಗಿ ಜಾರಿಯಲ್ಲಿದೆ ಎಂದು ಓದಿ.

ಶೇರ್ ಕ್ಲೈಂಟಿಗೆ ಜೋಡಣೆಯಾಗದೆ (ಮೌಂಟ್ ಆಗದೆ) ಸುಮ್ಮನೆ ನಿಂತುಬಿಟ್ಟರೆ ಮಾತ್ರ ಫೈರ್‌ವಾಲ್ ಕಡೆ ನೋಡಿ. ಎನ್‌ಎಫ್‌ಎಸ್ ಆವೃತ್ತಿ 4ಕ್ಕೆ ಟಿಸಿಪಿ ಪೋರ್ಟ್ 2049 ತೆರೆದಿದ್ದರೆ ಸಾಕು. ಆವೃತ್ತಿ 3ಕ್ಕೆ ಪೋರ್ಟ್ 111 ಮತ್ತು ಮೌಂಟ್‌ಡಿ (ಮೌಂಟ್ ಕೋರಿಕೆ ನೋಡಿಕೊಳ್ಳುವ ಸೇವೆ) ಪೋರ್ಟ್ ಕೂಡ ಬೇಕು.