ಸಕ್ಕರೆ ನಾಡಿಂದ ಶುಗರ್ ಗಡಿಪಾರು

ಮಂಡ್ಯದಲ್ಲಿ ಪ್ರಾರ್ಥನೆ ಮಾಡಿ ಕಾಯಿಲೆ ವಾಸಿ ಮಾಡ್ತೀವಿ ಅನ್ನೋ ಬೋಧಕರ ಸಭೆ ವಿಡಿಯೋ ನಿಮಗೂ ಬಂದೇ ಬಂದಿರುತ್ತೆ, ಫ್ಯಾಮಿಲಿ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವಿನ ಹಿಂದೇನೇ. ತಲೆ ಮೇಲೆ ಕೈ ಇಟ್ರು, ಇಪ್ಪತ್ತು ವರ್ಷದ ಶುಗರ್ ಹೊರಟೋಯ್ತು. ಮಂಡ್ಯದಿಂದ ಶುಗರ್ ಓಡ್ಸೋದು ಅಂದ್ರೆ ಸುಮ್ನೆನಾ, ಕಾರ್ಖಾನೆ ಬಂದ್ ಆದಾಗ್ಲೂ ಆಗದಿದ್ದ ಕೆಲಸ!

ನನ್ನದೊಂದು ಹಾಳು ಚಾಳಿ, ವಾಸಿ ಆದೋರು ಯಾರು ಅಂತ ಹುಡುಕ್ಕೊಂಡು ಹೊರಟೆ. ಮಂಡ್ಯದಲ್ಲಿ ಕೇಳಿದ್ರೆ ಮಳವಳ್ಳಿ ಕಡೆಯೋರು ಅಂದ್ರು, ಮಳವಳ್ಳೀಲಿ ಕೇಳಿದ್ರೆ ಕೆ.ಆರ್. ಪೇಟೆಯೋರು, ಅಲ್ಲಿಗೆ ಹೋದ್ರೆ 'ಇಲ್ಲ ಕಣಣ್ಣ, ಮಂಡ್ಯದೋರೇ'. ಪೆಟ್ರೋಲ್ ಖಾಲಿ ಆಯ್ತು, ಶುಗರ್ ವಾಸಿ ಆದೋರು ಸಿಗ್ಲಿಲ್ಲ. ಎಚ್‌ಬಿಎ1ಸಿ ಅನ್ನೋ ರಕ್ತದ ಟೆಸ್ಟು ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಳುತ್ತೆ, ಸಭೆಗೆ ಮುಂಚೆ ಒಂದು, ಮೂರು ತಿಂಗಳು ಬಿಟ್ಟು ಒಂದು ತೋರ್ಸಿ ಸಾಕು ಅಂದೆ. 'ನಂಬಿಕೆಗೂ ರಿಪೋರ್ಟ್ ಕೇಳ್ತೀಯಾ?' ಅಂದ್ರು.

ಅಮೆರಿಕದಲ್ಲಿ ಪೀಟರ್ ಪೊಪಾಫ್ ಅಂತ ಒಬ್ಬ ಟೀವಿ ಬೋಧಕ, ಜನರ ಹೆಸರು, ವಿಳಾಸ, ಕಾಯಿಲೆ ಎಲ್ಲಾ ದೇವರೇ ಹೇಳ್ಕೊಟ್ಟಂಗೆ ಹೇಳೋನು. 1986ರಲ್ಲಿ, ಪವಾಡಗಳ ಗುಟ್ಟು ಬಯಲು ಮಾಡ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ಕಡೆಯೋರು ರೇಡಿಯೋ ಸ್ಕ್ಯಾನರ್ ಇಟ್ಕೊಂಡು ಕೂತ್ರೆ, 39.17 ಮೆಗಾಹರ್ಟ್ಸಲ್ಲಿ ಮಾತಾಡ್ತಿದ್ದಿದ್ದು ಅವನ ಹೆಂಡ್ತಿ! ಪ್ರಾರ್ಥನೆ ಚೀಟೀಲಿ ಜನ ಬರೆದುಕೊಟ್ಟಿದ್ದನ್ನೇ ಗಂಡನ ಕಿವೀಲಿದ್ದ ಪುಟ್ಟ ರಿಸೀವರ್‌ಗೆ ಓದ್ತಿದ್ಲು. ನನಗೂ ಹೆಂಡ್ತಿ ಫೋನಲ್ಲೇ ಎಲ್ಲಾ ಹೇಳ್ತಾಳೆ, ತರಕಾರಿ ಲಿಸ್ಟ್ ಬಿಟ್ರೆ ಯಾವ ದರ್ಶನಾನೂ ಆಗಿಲ್ಲ. ಆ ಮನುಷ್ಯ ಮರುವರ್ಷ ದಿವಾಳಿ ಎದ್ದ, ಆಮೇಲೆ ಪವಾಡದ ನೀರು ಹಂಚ್ಕೊಂಡು ಮತ್ತೆ ಟೀವಿಗೆ ಬಂದ.

ನಮ್ಮ ಕಡೆ ಬೋಧಕರು ಕಿವುಡರಿಗೂ ಕಿವಿ ಬರ್ಸ್ತಾರೆ. ಆದ್ರೆ ಶುರು ಮಾಡೋ ಮುಂಚೆ 'ಹಿಂದಿನೋರಿಗೆ ಕೇಳಿಸ್ತಿಲ್ವಂತೆ, ಸೌಂಡ್ ಜಾಸ್ತಿ ಕೊಡ್ರಪ್ಪ'.

ಡಯಾಬಿಟೀಸ್, ಕ್ಯಾನ್ಸರ್, ಕಿವುಡು ವಾಸಿ ಮಾಡ್ತೀವಿ ಅಂತ ಜಾಹೀರಾತು ಹಾಕಂಗಿಲ್ಲ ಅಂತ 1954ರಿಂದ ಕಾನೂನಿದೆ, ಅದರಲ್ಲಿ ಮಂತ್ರ ತಾಯಿತಾನೂ ಸೇರಿದೆ. ಇರ್ಲಿ ಬಿಡಿ, ಬ್ಯಾನರ್ ಕಟ್ಟೋರು ಕಾನೂನು ಓದ್ಕೊಂಡು ಕಟ್ತಾರಾ.

ನಗಾಡ್ಕೊಂಡೇ ಮುಗಿಸ್ತಿದ್ದೆ. ಆದ್ರೆ ನಮ್ಮ ಬೀದಿ ಅಕ್ಕ ಒಬ್ರು ಆ ಸಭೆಯಿಂದ ಬಂದು ಇನ್ಸುಲಿನ್ ನಿಲ್ಲಿಸಿದ್ರು. ಹೆಬ್ಬೆರಳಿಗೆ ಕಲ್ಲು ಎಡವಿದ ಗಾಯ, ಕಪ್ಪಾಯ್ತು, ಬೆರಳೇ ತೆಗೆದ್ರು. ಆಸ್ಪತ್ರೆಗೆ ನೋಡೋಕೆ ಹೋದ್ರೆ, 'ನನ್ ನಂಬಿಕೇನೇ ಕಮ್ಮಿ ಆಯ್ತೇನೋ ಕಣಪ್ಪ' ಅಂತಾರೆ. ಥೂ. ಬೆರಳೂ ಅವರದ್ದೇ ಹೋಗ್ಬೇಕು, ತಪ್ಪೂ ಅವರದ್ದೇನಾ? ಮೊಸರು ಹುಳಿ ಬರುತ್ತೆ, ತಗೊಂಡ್ಹೋಗು ಅಂತ ಮನೆ ಬೀಗದ ಕೈ ಕೊಟ್ರು. ಫ್ರಿಜ್ಜಲ್ಲಿ ಮೊಸರಿನ ಪಾತ್ರೆ ಪಕ್ಕದಲ್ಲೇ ಇನ್ಸುಲಿನ್ ಬಾಟ್ಲು, ಸೀಲೂ ಒಡೆದಿರಲಿಲ್ಲ.