ಬಸ್ಸಿನ್ಯಾಗ ಪುಕ್ಕಟೆ ಪಿಚ್ಚರ್

ಕಲಬುರಗಿಯಿಂದ ಬೀದರ್ ಬಸ್ ಹತ್ತಿದ್ರ ಕಿವಿಗೆ ಪುರಸತ್ತಿಲ್ಲರಿ. ಬಾಜೂ ಸೀಟಿನ ಹುಡುಗ ಫುಲ್ ಸೌಂಡ್ ಇಟ್ಟು ಯಾವುದೋ ವಿದೇಶಿ ಫೈಟಿಂಗ್ ಪಿಚ್ಚರ್ ನೋಡ್ಲತ್ತಾನ. ಥೇಟರಿನ್ಯಾಗ ಕ್ಯಾಮೆರಾದಾಗ ಕದ್ದು ಹಿಡಿದದ್ದು; ಪರದೆ ಮುಂದ ಯಾರದೋ ತಲಿ ಎದ್ದು ಹೋಗ್ತದ. ಹೀರೋನ ತುಟಿ ನಿಂತ ಮ್ಯಾಲೂ ಹಿಂದಿ ಡೈಲಾಗ್ ನಡದೇ ಇರ್ತದ!

‘ತಮ್ಮಾ, ಆವಾಜ್ ಜರಾ ಕಮ್ಮಿ ಮಾಡಪಾ’ ಅಂದೆ. ‘ಅಣ್ಣಾ, ಈಗೇ ಫೈಟ್ ಅದ ನೋಡ್ರಿ’ ಅಂತ ಫೋನು ನನ್ನ ಕಡಿಗೇ ತಿರುಗಿಸ್ದ.

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯೊಳಗ ಹಿಂಗ ಕದ್ದು ಹಿಡಿದವ್ರಿಗೆ 3 ವರ್ಷದ ತನಕ ಜೈಲು, ಕನಿಷ್ಠ 3 ಲಕ್ಷ ದಂಡ ಅದ. ಇಯರ್‌ಫೋನ್ ಹಾಕದವ್ರಿಗೆ? ಕೇಳವ್ರೇ ಇಲ್ಲ.

ಅವನದಷ್ಟೇ ತಪ್ಪಲ್ಲ ಬಿಡ್ರಿ. ದಖನಿ ಉರ್ದು ಕೇಳಿ ಬೆಳೆದ ನಮ್ಮ ಮಂದಿಗೆ ಹಿಂದಿ ಸಲೀಸು. ಹೊರಗಿನ ಪಿಚ್ಚರ್ ಕನ್ನಡಕ್ಕ ಡಬ್ ಮಾಡ್ಲಿಕ್ಕೆ ನಮ್ಮ ಚಿತ್ರರಂಗದವ್ರೇ ದಶಕಗಟ್ಟಲೆ ಬಿಡಲಿಲ್ಲ.

ಹುಮನಾಬಾದಿಗೆ ಅವ ಇಳಿದ. ಕ್ಲೈಮ್ಯಾಕ್ಸ್ ಏನಾಯ್ತೋ!