ಪಕ್ಷ ಬಿಡಿ, ಆದರೆ ಊರಿಗೆ ಬಂದು ಹೇಳಿ ಬಿಡಿ

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಒಂದೇ ಪಕ್ಷದ ಬೂತ್ ನೋಡಿಕೊಂಡವರು. ಸ್ಥಾನ ಕೇಳಲಿಲ್ಲ, ದುಡ್ಡು ಮಾಡಲಿಲ್ಲ. ಚುನಾವಣೆ ಬಂತೆಂದರೆ ಪಡಸಾಲೆಯಲ್ಲಿ ಮತದಾರರ ಪಟ್ಟಿ ಹರಡಿಕೊಂಡು ಕೂರುತ್ತಿದ್ದರು. ಗಾರೆ ಕೆಲಸಕ್ಕೆ ಬೆಂಗಳೂರು ಸೇರಿದವರು ಯಾರು, ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿ ಯಾರು, ತೀರಿಕೊಂಡವರು ಯಾರು ಅಂತ ಒಂದೊಂದೇ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಎದುರು ಮನೆಯವರದ್ದು ಇನ್ನೊಂದು ಪಕ್ಷ. ಒಂದು ಸಲ ಬಾವುಟ ಕಟ್ಟುವ ವಿಷಯಕ್ಕೆ ಜಗಳವಾಗಿ ಎರಡು ಮನೆಗೂ ಮಾತು ನಿಂತುಹೋಯಿತು. ಚಿಕ್ಕಪ್ಪನ ಮಗಳ ಮದುವೆಗೆ ಊರೆಲ್ಲ ಬಂತು, ಎದುರು ಮನೆ ಬಾಗಿಲು ಮಾತ್ರ ಮುಚ್ಚಿತ್ತು.

ಹೀಗಿರುವಾಗ ಚಿಕ್ಕಪ್ಪ ಯಾರಿಗಾಗಿ ಓಡಾಡಿದ್ದರೋ ಆ ನಾಯಕರು ಎದುರು ಮನೆಯವರ ಪಕ್ಷ ಸೇರಿಬಿಟ್ಟರು. ಚಿಕ್ಕಪ್ಪನಿಗೆ ಗೊತ್ತಾಗಿದ್ದು ಟಿವಿ ನೋಡಿ. ಕೊರಳಿಗೆ ಹೊಸ ಬಣ್ಣದ ಶಾಲು, ಮುಖದ ತುಂಬ ನಗು. ಚಿಕ್ಕಪ್ಪ ಟಿವಿ ಆಫ್ ಮಾಡಿ ಕೊಟ್ಟಿಗೆ ಕಡೆ ಹೋದರು. ತುಂಬಾ ಹೊತ್ತು ಬರಲೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ, "ಒಂದು ಮಾತು ಹೇಳಿ ಹೋಗಬಹುದಿತ್ತು ಅಲ್ವಾ?" ಅಂದರು. ಅಷ್ಟೇ.

ಪಕ್ಷ ಬಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬಿಡಲೇಬೇಕಾದ ಹೊತ್ತೂ ಬರುತ್ತದೆ.

ನಮ್ಮ ಮೈಸೂರು ಸೀಮೆಯವರು, ಆಗಿನ ಮುಖ್ಯಮಂತ್ರಿ ದೇವರಾಜ ಅರಸರನ್ನೇ ನೋಡಿ. 1978ರಲ್ಲಿ ಇಂದಿರಾ ಗಾಂಧಿ ಅಧಿಕಾರ ಕಳೆದುಕೊಂಡಿದ್ದಾಗ ಚಿಕ್ಕಮಗಳೂರಿನಿಂದ ಗೆಲ್ಲಿಸಿ ಲೋಕಸಭೆಗೆ ಕಳಿಸಿದವರಲ್ಲಿ ಮೊದಲಿಗರು ಅರಸರು. ಮರುವರ್ಷವೇ ಇಬ್ಬರಿಗೂ ಆಗಲಿಲ್ಲ. ಸಂಜಯ್ ಗಾಂಧಿ ಮತ್ತೆ ಪಕ್ಷದಲ್ಲಿ ಮೇಲೆ ಬರುವುದು ಅರಸರಿಗೆ ಇಷ್ಟವಿರಲಿಲ್ಲ. ಮುಖ್ಯಮಂತ್ರಿ ಸ್ಥಾನ, ಪಕ್ಷದ ಅಧ್ಯಕ್ಷ ಸ್ಥಾನ ಎರಡೂ ಒಬ್ಬರ ಕೈಯಲ್ಲಿರುವುದು ದೆಹಲಿಗೆ ಇಷ್ಟವಿರಲಿಲ್ಲ. ಅರಸರು ತಲೆಬಾಗಲಿಲ್ಲ. ಪಕ್ಷದಿಂದ ಉಚ್ಚಾಟನೆಯಾಯಿತು. ಆಗ ಶಾಸಕರಲ್ಲಿ ಹೆಚ್ಚಿನವರು ಅವರ ಜೊತೆಗೇ ನಿಂತರು. 1980ರ ಜನವರಿಯಲ್ಲಿ ಲೋಕಸಭೆ ಫಲಿತಾಂಶ ಬಂತು. ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ. ಕೆಲವೇ ದಿನಗಳಲ್ಲಿ ಅವರೇ ಬೆಳೆಸಿದ ಶಾಸಕರು ಗುಂಪು ಗುಂಪಾಗಿ ಆ ಕಡೆ ನಡೆದರು. ಅರಸರು ರಾಜೀನಾಮೆ ಕೊಟ್ಟರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಭೂಸುಧಾರಣೆ ಮಾಡಿದ ಮನುಷ್ಯನ ಹಿಂದೆ ಕೊನೆಗೆ ಉಳಿದವರು ಬೆರಳೆಣಿಕೆಯಷ್ಟು ಜನ. ಅರಸರೂ ಪಕ್ಷದಿಂದ ದೂರವಾದವರೇ, ಅವರನ್ನು ಬಿಟ್ಟು ಹೋದವರೂ ಪಕ್ಷ ಬದಲಿಸಿದವರೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ನನ್ನಿಂದ ಆಗುವುದಿಲ್ಲ.

ಸಿದ್ದರಾಮಯ್ಯನವರ ವಿಷಯವೂ ಹಾಗೇ. ಅವರ ರಾಜಕೀಯ ಒಪ್ಪದವರೂ ಇದನ್ನು ಒಪ್ಪಬೇಕು. 2005ರಲ್ಲಿ ಜೆಡಿಎಸ್‌ನಿಂದ ಹೊರಬಿದ್ದರು, 2006ರಲ್ಲಿ ಕಾಂಗ್ರೆಸ್ ಸೇರಿದರು. ಶಾಸಕ ಸ್ಥಾನ ಬಿಟ್ಟು ಅದೇ ಚಾಮುಂಡೇಶ್ವರಿ ಕ್ಷೇತ್ರದ ಜನರ ಮುಂದೆ ಮತ್ತೆ ನಿಂತರು. ಆಗ ಅಧಿಕಾರದಲ್ಲಿದ್ದದ್ದು ಅವರು ಬಿಟ್ಟು ಬಂದ ಜೆಡಿಎಸ್ ಮತ್ತು ಬಿಜೆಪಿಯ ಸರ್ಕಾರ. ಗೆದ್ದದ್ದು 257 ಮತಗಳಿಂದ. ಇನ್ನೂರೈವತ್ತೇಳು! ಒಂದು ಬೀದಿಯ ಜನ ಮನಸ್ಸು ಬದಲಿಸಿದ್ದರೆ ಸೋಲುತ್ತಿದ್ದರು. ಸೋಲುವ ಸಾಧ್ಯತೆ ಕಣ್ಣೆದುರಿಗೇ ಇದ್ದರೂ ಹೋಗಿ ಕೇಳಿದರು.

"ಹಾಗಾದರೆ 2019ರಲ್ಲಿ ರಾಜೀನಾಮೆ ಕೊಟ್ಟ ಕಾಂಗ್ರೆಸ್, ಜೆಡಿಎಸ್ ಶಾಸಕರೂ ಉಪಚುನಾವಣೆಗೆ ನಿಂತರಲ್ಲ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಅವರು ಮೊದಲು ಹೋದದ್ದು ಕ್ಷೇತ್ರಕ್ಕಲ್ಲ, ಮುಂಬೈ ಹೋಟೆಲಿಗೆ. ಅಲ್ಲಿ ಗೇಟಿಗೆ ಪೊಲೀಸ್ ಕಾವಲು. ಇಲ್ಲಿ ವಿಧಾನಸಭೆಯಲ್ಲಿ 99ಕ್ಕೆ 105ರ ಲೆಕ್ಕದಲ್ಲಿ ಆ ಎರಡು ಪಕ್ಷಗಳ ಸರ್ಕಾರ ಬಿತ್ತು. ಸ್ಪೀಕರ್ 17 ಜನರನ್ನು ಅನರ್ಹ ಮಾಡಿದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ, 12 ಬಿಜೆಪಿಗೆ. ಫೆಬ್ರವರಿಯಲ್ಲಿ ಹೀಗೆ ಬಂದ 10 ಜನ ಮಂತ್ರಿಗಳಾದರು. ಜನ ಮತ ಹಾಕಿದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ದಾಟಿ ಆದಮೇಲೆ "ದಾಟಲೇ?" ಅಂತ ಕೇಳಿದರೆ ಅದು ಕೇಳಿದ ಹಾಗಾ?

ನಮ್ಮ ಕಾನೂನೂ ವಿಚಿತ್ರ. 1985ರಲ್ಲಿ ಪಕ್ಷಾಂತರ ತಡೆಯಲು ಅಂತ ತಂದರು. ಸದನದಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸ್ಥಾನ ಹೋಗುತ್ತದೆ. ತಾನಾಗಿ ಪಕ್ಷ ಬಿಟ್ಟರೂ ಹೋಗುತ್ತದೆ. ಆದರೆ ಪಕ್ಷವೇ ಹೊರಹಾಕಿದರೆ ಉಳಿಯುತ್ತದೆ. 2025ರಲ್ಲಿ ತನ್ನ ಶಾಸಕರಾದ ಯತ್ನಾಳ್, ಸೋಮಶೇಖರ್, ಹೆಬ್ಬಾರ್ ಅವರನ್ನು ಬಿಜೆಪಿ ಆರು ವರ್ಷಕ್ಕೆ ಉಚ್ಚಾಟಿಸಿತು. ಅದರಿಂದ ಅವರ ಶಾಸಕ ಸ್ಥಾನವೇನೂ ಹೋಗಲಿಲ್ಲ. ಒಂದು ಮಸೂದೆ ನನ್ನ ಜನಕ್ಕೆ ಒಳ್ಳೆಯದಲ್ಲ ಅಂತ ಪಕ್ಷದೊಳಗೇ ಇದ್ದು ವಿರೋಧ ಮತ ಹಾಕಲು ಹೋದವನಿಗೇ ಹೆದರಿಕೆ ಜಾಸ್ತಿ. ಒಳಗೆ ಮಾತಾಡಲು ಜಾಗ ಕೊಡದಿದ್ದರೆ ಹೊರಗೆ ಹೋಗುವ ದಾರಿ ಹುಡುಕದೆ ಇನ್ನೇನು ಮಾಡುತ್ತಾರೆ? ಸರ್ಕಾರದ ಅಳಿವು ಉಳಿವಿನ ಮತ ಮತ್ತು ಬಜೆಟ್ ಬಿಟ್ಟು ಬೇರೆ ಯಾವುದಕ್ಕೂ ವಿಪ್ ಬೇಡ ಅನ್ನುವವನು ನಾನು.

ಬಿಡುವವರಿಂದ ನಾನು ಕೇಳುವುದು ಹೆಚ್ಚೇನಲ್ಲ. ತಾಲ್ಲೂಕು ಕೇಂದ್ರದಲ್ಲಿ ಒಂದು ಸಭೆ ಕರೆಯಿರಿ. ಬೂತ್ ಮಟ್ಟದ ಕಾರ್ಯಕರ್ತರನ್ನು ಎದುರಿಗೆ ಕೂರಿಸಿಕೊಳ್ಳಿ. ಯಾಕೆ ಹೋಗುತ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ, ಬೈದರೆ ಬೈಸಿಕೊಳ್ಳಿ. ಆಮೇಲೆ ರಾಜೀನಾಮೆ ಕೊಡಿ. ಹೋಟೆಲಿನಿಂದ ಪತ್ರ ಕಳಿಸಬೇಡಿ. ನಿಮ್ಮ ಹೆಸರಿಗಾಗಿ ಅಣ್ಣತಮ್ಮಂದಿರ ಜೊತೆ, ಅಕ್ಕಪಕ್ಕದವರ ಜೊತೆ ಮಾತು ಬಿಟ್ಟವರು ಆ ಕುರ್ಚಿಗಳಲ್ಲಿ ಕೂತಿರುತ್ತಾರೆ.

ಎದುರು ಮನೆಯವರ ಕಷ್ಟ ನಮಗೆ ತಿಳಿದದ್ದು ಆಮೇಲೆ. ಮೂವತ್ತು ವರ್ಷ ಯಾರ ವಿರುದ್ಧ ಕೂಗಿದ್ದರೋ ಅವರದ್ದೇ ಪೋಸ್ಟರ್ ಅಂಟಿಸುವ ಕೆಲಸ ಅವರ ಪಾಲಿಗೆ ಬಂತು. ಒಂದು ಚುನಾವಣೆ ಮಾಡಿದರು, ಮುಂದಿನದಕ್ಕೆ ಬರಲಿಲ್ಲ. ಚಿಕ್ಕಪ್ಪನೂ ಪಟ್ಟಿ ಮುಟ್ಟುವುದನ್ನು ಬಿಟ್ಟಿದ್ದಾರೆ. ಇಬ್ಬರೂ ಬೆಳಿಗ್ಗೆ ಒಂದೇ ಹೊತ್ತಿಗೆ ಡೇರಿಗೆ ಹಾಲು ಹಾಕಲು ಹೋಗುತ್ತಾರೆ, ಕ್ಯಾನ್ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮಾತು ಮಾತ್ರ ಇನ್ನೂ ಇಲ್ಲ.